ಡಾಕ್ಟರ್ ಕೊಟ್ನಿಸರ ಸಮಾಧಿ ಎಲ್ಲಿದೆ?

ಸೊಲ್ಲಾಪುರವೆಂದೊಡನೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು ಸಿದ್ಧರಾಮ. ಹನ್ನೆರಡನೆಯ ಶತಮಾನದ ಆ ಶಿವಯೋಗಿಯ ಗದ್ದುಗೆ ಕೆರೆಯ ನಡುವಣ ಗುಡಿಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ದಾರಿ ಕೇಳಿದರೆ ಆ ಊರಿನ ಮಗುವೂ ಕೈಮಾಡಿ ತೋರಿಸೀತು. ಅದೇ ಊರಿನಲ್ಲಿ 1910ನೆಯ ಅಕ್ಟೋಬರ್ 10ರಂದು ಹುಟ್ಟಿದ ದ್ವಾರಕಾನಾಥ ಕೊಟ್ನಿಸರ ಸಮಾಧಿಯನ್ನು ಕಾಣಬೇಕಾದರೆ ಮಾತ್ರ ಹಿಮಾಲಯವನ್ನು ದಾಟಿ ಉತ್ತರ ಚೀನಾಕ್ಕೆ ಹೋಗಬೇಕು. ಚೀನಾದಲ್ಲಿಯೂ ಅದು ಎಲ್ಲಿ? ಒಂದು ಪುಸ್ತಕದಲ್ಲಿ ಒಂದು ಹಳ್ಳಿಯ ಹೆಸರಿದ್ದರೆ, ಇನ್ನೊಂದರಲ್ಲಿ ದೊಡ್ಡ ನಗರವೊಂದರ ಹೆಸರಿದೆ. ಈ ತೊಡಕನ್ನು ಬಿಡಿಸುವುದೇ ಈ ಚಿಕ್ಕ ಲೇಖನದ ಉದ್ದೇಶ.

ಕೊಟ್ನಿಸರ ಚರಿತ್ರೆಯನ್ನು ಅನೇಕರು ಬಲ್ಲರು. ಖ್ವಾಜಾ ಅಹಮದ್ ಅಬ್ಬಾಸರು ಅವರನ್ನು ಕುರಿತು ಪುಸ್ತಕ ಬರೆದರು; ಶಾಂತಾರಾಮರು 1946ರಲ್ಲಿ ಚಲಚ್ಚಿತ್ರ ತೆಗೆದರು. ಆದ್ದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಜಪಾನೀಯರ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ವೈದ್ಯರು ಬೇಕೆಂದು ಸೇನಾಪತಿ ಝು ದೆ ಅವರು ನೆಹರೂ ಅವರನ್ನು ಕೇಳಿಕೊಂಡರು. ಸುಭಾಷಚಂದ್ರ ಬೋಸರು ಅಧ್ಯಕ್ಷರಾಗಿದ್ದ 1938ರಲ್ಲಿ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು: ಅಟಲ್, ಚೋಳ್ಕರ್, ಕೊಟ್ನಿಸ್, ಬಸು, ಮುಖರ್ಜಿ. ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಬಂದ ಕೊಟ್ನಿಸರಿಗೆ ಆಗ ಇಪ್ಪತ್ತೆಂಟು ತುಂಬಿರಲಿಲ್ಲ. ನಾಲ್ವರು ಕಾಲಕ್ರಮದಲ್ಲಿ ಹಿಂದಿರುಗಿದರು, ಇವರೊಬ್ಬರು ಹಿಂದಿರುಗಲಿಲ್ಲ. ನಡುವೆ ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಅವರು ಹೊರಟುಬರಲಿಲ್ಲ. ತಂದೆಯ ಚಿತೆಯನ್ನು ಮಗ ಕಾಣಲಿಲ್ಲ; ಮಗನ ಸಮಾಧಿ ತಾಯಿಯಿದ್ದ ನಾಡಿಗೆ ಬರಲಿಲ್ಲ.

ಇನ್ನು ಹುಡುಕುವ ಕೆಲಸ. ಯುದ್ಧದಲ್ಲಿ ಮಡಿದ ವೈದ್ಯನು ಬ್ರಿಟಿಷ್ ಸೈನ್ಯದವನಾಗಿದ್ದರೆ ಕೆಲಸ ಅಷ್ಟು ಕಷ್ಟವಲ್ಲ. 1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿಗಳ ಆಯೋಗವು ಸತ್ತವನ ಹೆಸರು, ದಳ, ಸ್ಮಶಾನ, ಸಾಲು, ಕಲ್ಲಿನ ಸಂಖ್ಯೆಗಳನ್ನೆಲ್ಲ ದಾಖಲೆಯಲ್ಲಿ ಬರೆದಿಡುತ್ತ ಬಂದಿದೆ. (ಆದರೆ ಇರಾಕಿನ ಬಸ್ರಾದ ಸ್ಮಾರಕದಲ್ಲಿ ಸಾವಿರಾರು ಮಂದಿ ಭಾರತೀಯ ಸಿಪಾಯಿಗಳನ್ನು ಹೆಸರಿಲ್ಲದೆ ಬರಿಯ ಸಂಖ್ಯೆಯಾಗಿ ಕೆತ್ತಿದ್ದೂ ಅದೇ ಆಯೋಗವೆಂಬುದನ್ನು ಮರೆಯಲಾಗದು.) ಕೊಟ್ನಿಸರು ಸೇರಿದ್ದು ಚೀನಾದ ಎಂಟನೆಯ ಮಾರ್ಗದ ಸೇನೆಯೆಂಬ ಕಮ್ಯುನಿಸ್ಟ್ ಪಡೆಯನ್ನು. ಅದು ಗುಡ್ಡಗಾಡಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಸರಿಯುತ್ತ ಹೋರಾಡುವ ಸೇನೆ. ಅದರ ಆಸ್ಪತ್ರೆಯೂ ಅದರ ಬೆನ್ನಹಿಂದೆಯೇ ಸರಿಯುತ್ತಿತ್ತು. ಆದುದರಿಂದ ಮೊದಲು ಆಸ್ಪತ್ರೆ ಎಲ್ಲಿತ್ತೆಂದು ತಿಳಿಯದೆ ಸಮಾಧಿ ಎಲ್ಲೆಂದು ತಿಳಿಯದು.

1941ರ ಆರಂಭದಲ್ಲಿ ಕೊಟ್ನಿಸರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ನಾರ್ಮನ್ ಬೆಥೂನರು ಕೆನಡಾ ದೇಶದ ಶಸ್ತ್ರವೈದ್ಯರು. ಶಸ್ತ್ರಕ್ರಿಯೆ ಮಾಡುತ್ತಿದ್ದಾಗ ಬೆರಳಿಗಾದ ಗಾಯ ನಂಜೇರಿ 1939ನೆಯ ನವೆಂಬರ್ 12ರಂದು ತೀರಿಕೊಂಡಿದ್ದರು. ಇವರಿಬ್ಬರೂ ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ. ಆಸ್ಪತ್ರೆಯೂ ಅದರೊಡನಿದ್ದ ವೈದ್ಯಶಾಲೆಯೂ ಹೆಬೆ ಪ್ರಾಂತದ ಟಾಂಗ್ ಎಂಬ ಜಿಲ್ಲೆಯಲ್ಲಿ, ತೈಹಾಂಗ್ ಬೆಟ್ಟಗಳ ಮಗ್ಗುಲಿನ ಗೆಗಾಂಗ್ ಹಳ್ಳಿಯಲ್ಲಿದ್ದವು. ಕೊಟ್ನಿಸರು ಅಲ್ಲಿ ಚೀನೀ ಭಾಷೆಯಲ್ಲಿಯೇ ಪಾಠ ಹೇಳಿದರು. ಶಸ್ತ್ರವೈದ್ಯದ ಪಠ್ಯಪುಸ್ತಕವನ್ನೂ ಬರೆಯತೊಡಗಿದರು. ದಾದಿಯರಿಗೆ ಪಾಠ ಹೇಳುತ್ತಿದ್ದ ಗುವೊ ಚಿಂಗ್‌ಲಾನ್ ಎಂಬಾಕೆಯನ್ನು 1941ರಲ್ಲಿ ವಿವಾಹವಾದರು. ಆದರೆ ಮೂರ್ಛೆಯ ರೋಗ ಅವರನ್ನು ಹಿಡಿದಿತ್ತು. ಮಗು ಹುಟ್ಟಿ ನಾಲ್ಕು ತಿಂಗಳೂ ತುಂಬುವ ಮೊದಲೇ, 1942ನೆಯ ಡಿಸೆಂಬರ್ 9ರಂದು, ಅದೇ ಗೆಗಾಂಗ್‌ನಲ್ಲಿ ಪ್ರಾಣಬಿಟ್ಟರು. ವಯಸ್ಸು ಮೂವತ್ತೆರಡು. ಪುಸ್ತಕ ಅರ್ಧಕ್ಕೆ ನಿಂತಿತು.

ಸತ್ತ ಸ್ಥಳ ಹೀಗೆ ತಿಳಿಯಿತು. ಹೂಳಿದ್ದು ಮಾತ್ರ ಅಲ್ಲಿಯಲ್ಲ. ಅದೇ ಜಿಲ್ಲೆಯ ಜುನ್‌ಚೆಂಗ್ ಎಂಬಲ್ಲಿ ಹುತಾತ್ಮರಿಗಾಗಿ ಒಂದು ಆವರಣವಿತ್ತು. 1940ರಲ್ಲಿ ಬೆಥೂನರ ಸಮಾಧಿ ಎದ್ದಿದ್ದೂ ಅಲ್ಲಿಯೇ. ಕೊಟ್ನಿಸರನ್ನೂ ಅಲ್ಲಿಗೇ ಒಯ್ದರು. ಇಂಗ್ಲಿಷ್ ಬರಹಗಳಲ್ಲಿ ಈ ಸ್ಥಳವು ‘ನಾನ್‌ಕ್ವಾನ್’ ಎಂದಿದೆ. ಚೀನೀ ಹೆಸರು ‘ನಾನ್‌ಗುವಾನ್’, ಅಂದರೆ ಊರ ತೆಂಕಣ ಬಾಗಿಲ ಹೊರಗಿನ ಕೇರಿ. ಒಂದು ಅಕ್ಷರ ತಪ್ಪಿದರೆ ನಕ್ಷೆಯಲ್ಲಿ ಬೇರೊಂದೂರಿನ ಬೆನ್ನು ಹತ್ತಬೇಕಾಗುತ್ತದೆ. ನಾನೇ ಒಂದು ಸಂಜೆಯೆಲ್ಲ ಹಾಗೆ ಅಲೆದೆನು.

ಅಕ್ಷರಕ್ಕಿಂತ ದೊಡ್ಡ ತೊಡಕು ವ್ಯಕ್ತಿಯ ಹೆಸರಿನದು. ಚೀನಾದಲ್ಲಿ ಯಾರೂ ‘ಕೊಟ್ನಿಸ್’ ಎಂಬ ಹೆಸರನ್ನು ಕಲ್ಲಿನ ಮೇಲೆ ಹುಡುಕುವುದಿಲ್ಲ. ಅಲ್ಲಿ ಅವರು ‘ಕೆ ದಿಹುವಾ’. ಐವರು ವೈದ್ಯರೂ ತಮ್ಮ ಚೀನೀ ಹೆಸರಿನ ಕೊನೆಗೆ ‘ಹುವಾ’ ಎಂಬ ಅಕ್ಷರವನ್ನು ಇಟ್ಟುಕೊಂಡರು. ಅದರ ಅರ್ಥ ಚೀನಾ. ಬಸು ಅವರು ‘ಬಾಸುಹುವಾ’ ಆದರು. ಕೊಟ್ನಿಸರ ಮಗುವಿಗೆ ‘ಯಿನ್‌ಹುವಾ’ ಎಂದು ಹೆಸರಾಯಿತು. ‘ಯಿನ್’ ಎಂದರೆ ಭಾರತ. ಆ ಮಗನೂ ವೈದ್ಯಕೀಯ ಓದುತ್ತಿದ್ದಾಗಲೇ, 1967ರಲ್ಲಿ, ತೀರಿಕೊಂಡನು.

ಹಾಗಾದರೆ ನಗರದ ಹೆಸರು ಎಲ್ಲಿಂದ ಬಂತು? 1947ರ ನವೆಂಬರಿನಲ್ಲಿ ಶಿಜಿಯಾಜುವಾಂಗ್ ನಗರವು ಕಮ್ಯುನಿಸ್ಟ್ ಸೇನೆಯ ಕೈಸೇರಿತು. ಬೆಟ್ಟದ ಆಸ್ಪತ್ರೆಯೂ ಮುಂದೆ ಆ ನಗರಕ್ಕೆ ಇಳಿದುಬಂದಿತು. ಉತ್ತರ ಚೀನಾದ ಹುತಾತ್ಮರಿಗೆ ಅಲ್ಲಿ ದೊಡ್ಡದೊಂದು ಉದ್ಯಾನ ಸಿದ್ಧವಾಯಿತು. 1950ರ ದಶಕದ ಮೊದಲ ಭಾಗದಲ್ಲಿ ಬೆಥೂನರ ಮತ್ತು ಕೊಟ್ನಿಸರ ಅವಶೇಷಗಳನ್ನು ಜುನ್‌ಚೆಂಗ್‌ನಿಂದ ತಂದು ಅಲ್ಲಿರಿಸಿದರು. ಆದುದರಿಂದ ಹಳ್ಳಿಯ ಹೆಸರು ಬರೆದವರೂ ಸುಳ್ಳು ಬರೆಯಲಿಲ್ಲ. ಅವರ ಮಾತು ಹತ್ತು ವರ್ಷದ ಮಟ್ಟಿಗೆ ನಿಜ.

ಹೂಳಿದುದನ್ನು ಕೆದಕಬಾರದೆಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ನನಗೂ ಮೊದಲು ಈ ಸ್ಥಳಾಂತರ ರುಚಿಸಲಿಲ್ಲ. ಸತ್ತ ಹಳ್ಳಿಗಾಡಿನಲ್ಲಿಯೇ, ತಾವು ಚಿಕಿತ್ಸೆ ಮಾಡಿದ ರೈತರ ನಡುವೆ ಬಿಟ್ಟಿದ್ದರೆ ಲೇಸಾಗಿತ್ತೆನಿಸಿತು. ಆದರೆ ಹಳ್ಳಿಗಾಡು ಅವರನ್ನು ಬಿಟ್ಟುಕೊಟ್ಟಿಲ್ಲ. ಬೆಥೂನ್ ಮತ್ತು ಕೊಟ್ನಿಸ್ ಇಬ್ಬರ ಹೆಸರಿನ ಸ್ಮಾರಕಭವನವೊಂದು ಟಾಂಗ್ ಜಿಲ್ಲೆಯಲ್ಲಿದೆ. ಸೊಲ್ಲಾಪುರದಲ್ಲಿಯೂ ಅವರ ಮನೆಯನ್ನು 2012ರಲ್ಲಿ ಸ್ಮಾರಕವಾಗಿ ತೆರೆದರು.

ನಮ್ಮಲ್ಲಿ ಯಾರಾದರೂ ಎಂದಾದರೂ ಆ ದೇಶಕ್ಕೆ ಹೋಗುವುದಾದರೆ, ಬೀಜಿಂಗಿನಿಂದ ನೈಋತ್ಯಕ್ಕೆ ಸುಮಾರು ಮುನ್ನೂರು ಕಿಲೋಮೀಟರು ಹೋಗಿ ಶಿಜಿಯಾಜುವಾಂಗ್‌ನಲ್ಲಿ ಇಳಿಯಬೇಕು. ಹುತಾತ್ಮರ ಉದ್ಯಾನ ಎಲ್ಲಿಯೆಂದು ಕೇಳಬೇಕು. ಏಪ್ರಿಲ್ ಮೊದಲ ವಾರವಾದರೆ ಒಳ್ಳೆಯದು. ಆಗ ಚಿಂಗ್‌ಮಿಂಗ್ ಎಂಬ ಹಬ್ಬ. ಚೀನೀಯರು ಹಿರಿಯರ ಗೋರಿಗಳನ್ನು ಗುಡಿಸಿ ಹೂವಿಡುವ ದಿನ. ಒಳಗೆ ಹೋದಮೇಲೆ ಕೊಟ್ನಿಸ್ ಎನ್ನದೆ ಕೆ ದಿಹುವಾ ಎನ್ನಬೇಕು.