'ಬ್ರೈಟ್ ಫಾಲ್ಸ್': ಹೊಸ್ತಿಲ ಕಥೆಯೊಂದರ ವಿಮರ್ಶೆ

ಜಾಹೀರಾತಿಗಾಗಿ ಹುಟ್ಟಿದ ಕಥೆ ಕಲೆಯೆನಿಸಿಕೊಳ್ಳಬಲ್ಲುದೆ? ಪ್ರಶ್ನೆ ಹೊಸದೇನೂ ಅಲ್ಲ. ಪಂಪನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದನೆಂಬುದು ವಾಚಕರೆಲ್ಲರಿಗೂ ತಿಳಿದ ವಿಷಯ. ದೊರೆಯ ಕೀರ್ತಿಯನ್ನು ಹಾಡಿತೆಂಬ ಕಾರಣಕ್ಕೆ ಅದು ಕಾವ್ಯವಲ್ಲವೆಂದು ಯಾರೂ ಹೇಳಿಲ್ಲ. ಹಾಗಾದರೆ ಇಂದಿನ ಕಾಲದ ದೊರೆಯಾದ ವ್ಯಾಪಾರಕ್ಕಾಗಿ ಹುಟ್ಟಿದ ಕಥೆಗಳನ್ನು ನಾವು ಹೇಗೆ ಅಳೆಯಬೇಕು? ಈ ಪ್ರಶ್ನೆಯನ್ನು ಒಂದೇ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2010ರ ಮೇ ತಿಂಗಳಲ್ಲಿ 'ಅಲನ್ ವೇಕ್' ಎಂಬ ವಿಡಿಯೋ ಗೇಮ್ ಹೊರಬಂದಿತು. ಇದನ್ನು ನಿರ್ಮಿಸಿದವರು ಫಿನ್‌ಲೆಂಡ್ ದೇಶದ ರೆಮೆಡಿ ಎಂಬ ಸಂಸ್ಥೆಯವರು. ಬರವಣಿಗೆಯಲ್ಲಿ ಮುಖ್ಯರಾದವರು ಸ್ಯಾಮ್ ಲೇಕ್. ಮೊದಲಿಗೆ ಇದನ್ನು ಎಕ್ಸ್‌ಬಾಕ್ಸ್ 360 ಎಂಬ ಯಂತ್ರದಲ್ಲಿ ಮಾತ್ರ ಆಡಬಹುದಾಗಿತ್ತು. ಆಟ ಹೊರಬರುವ ಹೊತ್ತಿಗೆ ಜನರ ಕುತೂಹಲ ಕೆರಳಿಸಲೆಂದು ಫಿಲಿಪ್ ವ್ಯಾನ್ ಎಂಬುವರ ನಿರ್ದೇಶನದಲ್ಲಿ ಆರು ಕಿರುಕಂತುಗಳ ಒಂದು ವೆಬ್ ಸರಣಿಯನ್ನು ಹೊರತಂದರು. ಅದೇ 'ಬ್ರೈಟ್ ಫಾಲ್ಸ್'. ಇದು ಆಟದ ಕಥೆಗಿಂತ ಹಿಂದೆ ನಡೆದ ಕಥೆ. ನೋಡಲು ಹಣ ಕೊಡಬೇಕಾಗಿಲ್ಲ. ಆರೂ ಕಂತು ಕೂಡಿದರೆ ಸುಮಾರು ಅರ್ಧ ಗಂಟೆ.

ಹಣ ಬೇಡವೆಂಬ ಮಾತನ್ನು ಸುಮ್ಮನೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಂಥ ಯಂತ್ರದ ಬೆಲೆ ನಮ್ಮ ಮನೆಯ ಲೆಕ್ಕಕ್ಕೆ ಎಟುಕುವಂಥದಲ್ಲ. ಆದ್ದರಿಂದ ಈ ಸರಣಿಯನ್ನು ನಾನು ಹಾಸ್ಟೆಲಿನಲ್ಲಿ, ಮೊಬೈಲಿನ ಪುಟ್ಟ ಪರದೆಯ ಮೇಲೆ, ಇದು ಬೇರೊಂದರ ಬಾಲವೆಂದು ತಿಳಿಯದೆಯೇ ನೋಡಿದೆ. ಮುಗಿದಾಗ ಒಳ್ಳೆಯ ದುರಂತ ಕಥೆಯೊಂದನ್ನು ಓದಿದ ಹಾಗೆ ಮನಸ್ಸು ಭಾರವಾಗಿತ್ತು. ಪಕ್ಕದ ಕೋಣೆಯ ಗೆಳೆಯನಿಗೆ ಹೇಳಿದರೆ ಅವನು ನಕ್ಕು, "ಲೋ, ಅದು ಬರೀ ಜಾಹೀರಾತು ಕಣೋ! ನಿಜವಾದ ಕಥೆ ಆಟದಲ್ಲಿದೆ" ಎಂದುಬಿಟ್ಟ. ನನಗೆ ಅವಮಾನವಾಯಿತು. ಹೊಸ್ತಿಲಲ್ಲಿ ನಿಂತು ಮನೆಯೆಲ್ಲವನ್ನೂ ನೋಡಿದೆನೆಂದು ಹೇಳಿಕೊಂಡವನಂತೆ ಆದೆ. ಈ ಲೇಖನಕ್ಕೆ ಮೂಲ ಆ ಅವಮಾನವೇ.

ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬ್ರೈಟ್ ಫಾಲ್ಸ್ ಎಂಬುದು ಅಮೆರಿಕದ ವಾಷಿಂಗ್ಟನ್ ರಾಜ್ಯದ, ಕಾಡು ಬೆಟ್ಟಗಳ ನಡುವಿನ ಒಂದು ಕಲ್ಪಿತ ಊರು. ಜೇಕ್ ಫಿಶರ್ ಎಂಬ ಪತ್ರಕರ್ತನು ಡಾಕ್ಟರ್ ಹಾರ್ಟ್‌ಮನ್ ಎಂಬ ಮನೋವೈದ್ಯನ ಸಂದರ್ಶನಕ್ಕೆಂದು ಕಾರಿನಲ್ಲಿ ಆ ಊರಿಗೆ ಬರುತ್ತಾನೆ. ದಾರಿಯಲ್ಲಿ ಜಿಂಕೆಯೊಂದು ಕಾರಿಗೆ ಸಿಕ್ಕಿಬೀಳುತ್ತದೆ. ಅಲ್ಲಿಂದ ಮುಂದೆ ಅವನ ದಿನಗಳಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ರಾತ್ರಿ ತಾನೆಲ್ಲಿದ್ದೆ, ಏನು ಮಾಡಿದೆ ಎಂಬ ನೆನಪು ಅವನಿಗಿರುವುದಿಲ್ಲ. ಬೆಳಕು ಕಂಡರೆ ಸಹಿಸಲಾರದವನಾಗುತ್ತಾನೆ. ಊರಿನ ಕತ್ತಲೆ ಕಂತು ಕಂತಾಗಿ ಅವನೊಳಗೆ ಸೇರಿಕೊಂಡು, ಕೊನೆಗೆ ಅವನನ್ನು ತನ್ನವನನ್ನಾಗಿ ಮಾಡಿಕೊಳ್ಳುತ್ತದೆ.

ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದರ ರಸ ಭಯಾನಕ, ಸ್ಥಾಯಿಭಾವ ಭಯ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಈ ರಸದ ವಿಭಾವಗಳನ್ನು ಹೇಳುವಾಗ ಪಾಳುಮನೆ, ಅರಣ್ಯ, ನರಿ ಗೂಬೆಗಳಿಂದಾಗುವ ಅಂಜಿಕೆ ಮೊದಲಾದವನ್ನು ಎಣಿಸಿದ್ದಾನೆ. ಇವೆಲ್ಲವೂ ಮನುಷ್ಯನ ಹೊರಗಿರುವ ಕಾರಣಗಳು. 'ಬ್ರೈಟ್ ಫಾಲ್ಸ್'ನಲ್ಲಿಯೂ ಅರಣ್ಯವುಂಟು, ಇರುಳುಂಟು. ಆದರೆ ಜೇಕ್ ಹೆಚ್ಚಾಗಿ ಅಂಜುವುದು ತನಗೆ ತಾನೇ. ಭಯದ ಕಾರಣವೂ ಭಯಪಡುವವನೂ ಒಬ್ಬನೇ ಆಗಿರುವುದು ಈ ಕಥೆಯ ಮೊದಲನೆಯ ಗುಣ.

ಎರಡನೆಯ ಗುಣ ತಿಳಿಯಬೇಕಾದರೆ ಆಟವನ್ನು ಅರಿಯಬೇಕು. 2012ರಲ್ಲಿ ಅದು ಸಾಧಾರಣ ಕಂಪ್ಯೂಟರಿಗೂ ಬಂದಿತ್ತು. ಹಿಂದಿನ ದಸರಾ ರಜೆಯಲ್ಲಿ ಗೆಳೆಯನೊಬ್ಬನ ಅಣ್ಣನ ಕಂಪ್ಯೂಟರಿನಲ್ಲಿ ನಾಲ್ಕು ರಾತ್ರಿ ಕುಳಿತು ಅದನ್ನು ಆಡಿ ಮುಗಿಸಿದೆ. ಆಟದ ನಾಯಕ ಅಲನ್ ವೇಕ್ ಒಬ್ಬ ಕಾದಂಬರಿಕಾರ. ಬರೆಯಲು ಕೈ ಓಡದೆ ಬಳಲುತ್ತಿರುವವನು. ಹೆಂಡತಿಯೊಡನೆ ಅದೇ ಊರಿಗೆ ಬಂದಾಗ ಅವಳು ಕಣ್ಮರೆಯಾಗುತ್ತಾಳೆ. ಅವನು ಅವಳನ್ನು ಹುಡುಕುತ್ತ ಕಾಡಿನಲ್ಲಿ ಅಲೆಯುತ್ತಾನೆ. ಕತ್ತಲೆ ಹಿಡಿದ ಜನರು ಕೊಡಲಿ ಎತ್ತಿ ಅವನ ಮೇಲೆ ಬೀಳುತ್ತಾರೆ. ಅವರ ಮೈಗೆ ಕವಿದ ಕತ್ತಲೆಯನ್ನು ಮೊದಲು ಟಾರ್ಚಿನ ಬೆಳಕಿನಿಂದ ಸುಡಬೇಕು. ಆಮೇಲೆಯೇ ಗುಂಡು ತಾಗುವುದು. ದೀಪದ ಕಂಬದ ಕೆಳಗೆ ನಿಂತರೆ ಕ್ಷೇಮ. ಅಂದರೆ, ಎಷ್ಟೇ ಭಯವಾದರೂ ಟಾರ್ಚು ಆಡುವವನ ಕೈಯಲ್ಲಿರುತ್ತದೆ.

ಆಟ ಮುಗಿಸಿ ಸರಣಿಯನ್ನು ಮತ್ತೆ ನೋಡಿದೆ. ಆಗ ತಿಳಿಯಿತು: ಆಟದಲ್ಲಿ ನಾನು ಬೆಳಕು ಚೆಲ್ಲಿ ಹೊಡೆದುರುಳಿಸಿದ್ದು ಜೇಕ್‌ನಂಥವರನ್ನೇ! ಅವರಿಗೂ ಒಂದು ಉದ್ಯೋಗ, ಒಂದು ಹೆಸರು ಇದ್ದಿರಬೇಕೆಂದು ಆಡುವಾಗ ನನಗೆ ಹೊಳೆದಿರಲಿಲ್ಲ. ಆಟ ನಮ್ಮನ್ನು ಬೆಳಕಿನ ಪಕ್ಷದಲ್ಲಿ ನಿಲ್ಲಿಸುತ್ತದೆ. ಸರಣಿ ನಮ್ಮನ್ನು ಕತ್ತಲೆಗೆ ಸಿಕ್ಕವನ ಪಕ್ಕದಲ್ಲಿ ಕೂರಿಸುತ್ತದೆ. ನೋಡುವವನ ಕೈಯಲ್ಲಿ ಟಾರ್ಚಿಲ್ಲ. ಜೇಕ್‌ನನ್ನು ಎಚ್ಚರಿಸುವಂತಿಲ್ಲ, ಉಳಿಸುವಂತಿಲ್ಲ. ಈ ಅಸಹಾಯಕತೆಯನ್ನು ಆಟ ಕೊಡಲಾರದು. ಆದ್ದರಿಂದ ಸರಣಿಯು ಆಟದ ಬರಿಯ ಬಾಲವಲ್ಲ. ಅದು ಆಟಕ್ಕೆ ಹೇಳಿದ ಒಂದು ಉತ್ತರ.

ದೋಷವನ್ನೂ ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಹಾರ್ಟ್‌ಮನ್‌ನ ಪಾತ್ರ ಸರಣಿಯಲ್ಲಿ ಬೆಳೆಯುವುದಿಲ್ಲ. ಅವನ ನಿಜವಾದ ಉದ್ದೇಶ ಆಟವಾಡಿದವರಿಗೆ ಮಾತ್ರ ತಿಳಿಯುತ್ತದೆ. ಇಲ್ಲಿ ಕಥೆಗಾರನನ್ನು ಬದಿಗೆ ತಳ್ಳಿ ಅಂಗಡಿಯವನು ಮುಂದೆ ಬಂದಿದ್ದಾನೆ. ಮಿಕ್ಕದ್ದು ಬೇಕಾದರೆ ಕೊಂಡುಕೊ ಎನ್ನುತ್ತಾನೆ. ಹಾಗೆಂದು ಮೂಲ ಆಟವೇನೂ ಅಂಗಡಿಯ ಸೋಂಕಿಲ್ಲದ್ದಲ್ಲ. ಅಲನ್ ವೇಕ್ ತನ್ನ ಟಾರ್ಚಿಗೆ ಹಾಕುವ ಬ್ಯಾಟರಿಗಳ ಮೇಲೆ ಎನರ್ಜೈಸರ್ ಎಂಬ ನಿಜವಾದ ಕಂಪೆನಿಯ ಹೆಸರಿತ್ತು. 2021ರ ಪರಿಷ್ಕೃತ ಆವೃತ್ತಿಯಲ್ಲಿ ಆ ಹೆಸರನ್ನು ತೆಗೆದುಹಾಕಿದರು. ಜಾಹೀರಾತು ಹೊಸ್ತಿಲಲ್ಲಿ ಮಾತ್ರವಲ್ಲ, ನಡುಮನೆಯಲ್ಲಿಯೂ ಇತ್ತೆಂದು ನನ್ನ ಗೆಳೆಯನಿಗೆ ಹೇಳಿದಾಗ ಅವನು ಮರುಮಾತಾಡಲಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಕೃತಿಯೊಂದು ಯಾವ ಕಾರಣಕ್ಕೆ ಹುಟ್ಟಿತೆಂಬುದು ಅದರ ಬೆಲೆಯನ್ನು ನಿರ್ಧರಿಸಲಾರದು. ಅದಷ್ಟನ್ನೇ ಪಡೆದವನಿಗೆ ಅದು ಏನು ಕೊಟ್ಟಿತೆಂಬುದನ್ನು ನೋಡಬೇಕು. ಹಣವಿದ್ದವನು ಒಳಗೆ ಹೋಗುತ್ತಾನೆ. ಇಲ್ಲದವನಿಗೆ ಹೊಸ್ತಿಲೇ ಮನೆ. ಅಲ್ಲಿಗೆ ಬಂದವನನ್ನೂ ಅತಿಥಿಯೆಂದು ಬಗೆದು ಕಥೆ ಹೇಳಿದ ಮಟ್ಟಿಗೆ 'ಬ್ರೈಟ್ ಫಾಲ್ಸ್' ಕಲೆಯೇ ಸರಿ. ಹಾರ್ಟ್‌ಮನ್‌ನ ವಿಷಯದಲ್ಲಿ ಬಾಗಿಲು ಮುಚ್ಚಿದ ಮಟ್ಟಿಗೆ ಅದು ಜಾಹೀರಾತು. ಮೊದಲ ರಾತ್ರಿ, ಏನೂ ತಿಳಿಯದೆ, ಜೇಕ್‌ಗಾಗಿ ನಾನು ಪಟ್ಟ ಮರುಕ ತಪ್ಪಾಗಿರಲಿಲ್ಲವೆಂದು ಈಗ ಧೈರ್ಯವಾಗಿ ಹೇಳಬಲ್ಲೆ.