ಎಳೆಗರುಗಳ ಕುತೂಹಲವೂ ಅವುಗಳ ಸಾಕಣೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಹಳ್ಳಿಕಾರ್ ಎತ್ತುಗಳನ್ನು ಕೊಳ್ಳುವವರು ಕೊಂಬು, ಸುಳಿ, ಹಲ್ಲುಗಳನ್ನು ನೋಡಿದ ಮೇಲೆ ನಾಲ್ಕು ಹೆಜ್ಜೆ ನಡೆಯಿಸಿ ನೋಡುವುದುಂಟು. ಚುಂಚನಕಟ್ಟೆಯ ಜಾತ್ರೆಯಲ್ಲಿ ಯಾರೋ ಕೊಡೆ ಬಿಚ್ಚಿದ ಮಾತ್ರಕ್ಕೆ ಹಿಂದಕ್ಕೆ ನೆಗೆಯುವ ಎತ್ತಿಗೆ ತಕ್ಕ ಬೆಲೆ ದೊರೆಯದು. ಈ ದೋಷವನ್ನು ಸಾಮಾನ್ಯವಾಗಿ ತಳಿಯ ಮೇಲೆ ಹೊರಿಸುವರು. ತಳಿಯ ಗುಣವೂ ಇದರಲ್ಲಿ ಸೇರಿರುವುದು ನಿಜವೇ; ಆದರೆ ಕರುವಾಗಿದ್ದಾಗ ಅದನ್ನು ಹಗಲಿರುಳೂ ಕಟ್ಟಿದ ಗೂಟಕ್ಕೂ ಇದರಲ್ಲಿ ಪಾಲುಂಟು.

ಕರುವು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಸಾಧಾರಣವಾಗಿ ಎದ್ದು ನಿಂತು ಮೊಲೆಯನ್ನು ಹುಡುಕುವುದು. ಮೊದಲ ಕೆಲವು ದಿನ ಅಡಗಿ ಮಲಗುವುದೇ ಅದರ ಸ್ವಭಾವ. ಕಾವಲಿನಲ್ಲಿ ಈದ ಹಸುವು ಕರುವನ್ನು ಪೊದೆಯ ಮರೆಯಲ್ಲಿ ಬಿಟ್ಟು ಮೇಯಲು ಹೋಗಿ, ಹಾಲೂಡಿಸಲು ಹಿಂದಿರುಗುವುದು ಇದರಿಂದಲೇ. ದಿನಗಳು ಕಳೆದಂತೆ ಅದು ಇತರ ಕರುಗಳೊಡನೆ ಸೇರಿ, ಎರಡು ಮೂರು ವಾರಗಳ ವಯಸ್ಸಿಗೆ ಹುಲ್ಲಿನ ಎಳೆಯನ್ನು ಬಾಯಿಗೆ ತೆಗೆದುಕೊಳ್ಳುವುದು. ಆ ಕಾಲದಲ್ಲಿ ಅದನ್ನು ಗಮನಿಸಿ ನೋಡಬೇಕು. ಹೊಸ ವಸ್ತುವನ್ನು ಕಂಡೊಡನೆ ಕತ್ತನ್ನು ನೀಳಮಾಡಿ ಮೂಸುವುದು. ಬೆದರಿ ತಾಯಿಯ ಬಳಿಗೆ ಓಡುವುದು. ಮರಳಿ ಬಂದು, ಈ ಸಲ ಇನ್ನೂ ಹತ್ತಿರ ನಿಂತು, ನಾಲಿಗೆಯಿಂದ ನೆಕ್ಕುವುದು. ದನದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಬಹುಮಟ್ಟಿಗೆ ಸುತ್ತಲೂ ಕಾಣುವುದಾದರೂ, ಎದುರಿನ ವಸ್ತುವಿನ ದೂರವನ್ನು ನಮ್ಮಷ್ಟು ಚೆನ್ನಾಗಿ ಅಳೆಯಲಾರದು. ಆದಕಾರಣ ಮೂಗೂ ನಾಲಿಗೆಯೂ ಅದಕ್ಕೆ ಪರೀಕ್ಷಕರು. ಇದನ್ನು ತುಂಟತನವೆಂದು ಗದರಿಸತಕ್ಕದ್ದಲ್ಲ. ಹೀಗೆ ಕಚ್ಚಿ ನೋಡಿದ ಹುಲ್ಲಿನಿಂದಲೂ ಹಿಂಡಿಯಿಂದಲೂ ಮೆಲುಕುಹೊಟ್ಟೆಯು ಬೆಳೆಯುವುದು. ಹಾಲೊಂದರಿಂದಲೇ ಅದು ಬಲಿಯದು.

ಜೊತೆಗಾರರಿದ್ದಲ್ಲಿ ಕರುವಿನ ಧೈರ್ಯವು ಹೆಚ್ಚುವುದು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಗುಂಪಿನಲ್ಲಿ ಬೆಳೆದ ಕರುಗಳು ಒಂಟಿಯಾಗಿ ಬೆಳೆದವುಗಳಿಗಿಂತ ಹೊಸ ಮೇವಿಗೆ ಕಡಮೆ ಹಿಂಜರಿದವು. ಒಂದೇ ಹಸುವಿರುವ ಮನೆಯವರು ತಮ್ಮ ಕರುವನ್ನು ನೆರೆಯವರ ಕರುಗಳೊಡನೆ ದಿನಕ್ಕೆ ಕೆಲವು ಗಂಟೆಯಾದರೂ ಬಿಡುವುದು ಲೇಸು.

ಆದರೆ ಬಿಡುಗಡೆಯೊಂದೇ ಸಾಲದು. 19ನೆಯ ಶತಮಾನದಲ್ಲಿ ಅಮೃತಮಹಲ್ ಇಲಾಖೆಗೆ ಕೇಂದ್ರವಾಗಿದ್ದ ಹುಣಸೂರಿನವರಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿಲ್ಲ. ಕಾವಲುಗಳಲ್ಲಿ ಸ್ವೇಚ್ಛೆಯಾಗಿ ಬೆಳೆದ ಆ ದನಗಳು ವೇಗಕ್ಕೂ ತ್ರಾಣಕ್ಕೂ ಹೆಸರಾಗಿದ್ದರೂ, ಮನುಷ್ಯನ ಕೈಗೆ ಸುಲಭವಾಗಿ ಒಗ್ಗುತ್ತಿರಲಿಲ್ಲ. ಅವುಗಳನ್ನು ಪಳಗಿಸುವುದೇ ಒಂದು ದೊಡ್ಡ ಕೆಲಸವಾಗಿದ್ದಿತು. ಆದುದರಿಂದ ಕರುವು ತಾನಾಗಿ ಮನುಷ್ಯನನ್ನು ಮೂಸಲು ಬರುವ ಈ ವಯಸ್ಸಿನಲ್ಲಿಯೇ ಅದರ ಕತ್ತು, ಕಿವಿ, ಗೊರಸುಗಳನ್ನು ಮೆಲ್ಲನೆ ಸವರಿ ಅಭ್ಯಾಸ ಮಾಡಿಸಬೇಕು. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಫಲವು ವಿಪರೀತವಾಗುವುದು. ಮುಂದೆ ನೊಗ ಹೂಡುವ ದಿನ ಇದರ ಉಪಯೋಗವು ತಿಳಿದುಬರುವುದು.

ನೆಕ್ಕಿ ನೋಡುವ ಗುಣದಿಂದ ಅಪಾಯವೂ ಉಂಟು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕಿನ ಹೊಲಗಳ ಬದುವಿನಲ್ಲಿಯೂ ಬ್ಯಾರನ್ನುಗಳ ಸುತ್ತಲೂ ಕೀಟನಾಶಕದ ಡಬ್ಬಿ, ಗೊಬ್ಬರದ ಚೀಲದ ಎಳೆ, ತಂತಿಯ ತುಂಡುಗಳು ಬಿದ್ದಿರುವುದನ್ನು ಎಲ್ಲರೂ ಬಲ್ಲರು. ಡಬ್ಬಿಯಲ್ಲಿ ಉಳಿದ ವಿಷದ ಅಲ್ಪ ಅಂಶವೂ ಎಳೆಗರುವಿಗೆ ಪ್ರಾಣಾಂತಿಕವಾಗಬಹುದು. ಪ್ಲಾಸ್ಟಿಕ್ಕು ಹೊಟ್ಟೆಯಲ್ಲಿ ಕರಗದೆ ಗಂಟಾಗುವುದು. ನುಂಗಿದ ತಂತಿಯು ಹೊಟ್ಟೆಯ ಗೋಡೆಯನ್ನು ತೂರಿ ಹೃದಯವನ್ನು ಮುಟ್ಟಿದ ಉದಾಹರಣೆಗಳುಂಟು. ಗೋಮಾಳವೂ ಕೆರೆಯಂಗಳವೂ ಒಬ್ಬರ ಸ್ವತ್ತಲ್ಲವಾದ್ದರಿಂದ ಅವುಗಳನ್ನು ಶುಚಿಮಾಡಿಸುವ ಭಾರವು ಊರಿನ ಯಜಮಾನರದು. ಅದರಲ್ಲೊಂದು ಮೂಲೆಗೆ ಬೇಲಿ ಹಾಕಿಸಿ ಕರುಗಳಿಗೆಂದೇ ಬಿಡಿಸಿದರೆ ಖರ್ಚು ಸ್ವಲ್ಪವೇ. ಮುಳ್ಳುತಂತಿ ಬೇಡ, ಕಳ್ಳಿ ಅಥವಾ ಬಿದಿರು ಸಾಕು.

ಕರುವು ಮಣ್ಣನ್ನೇ ಬಿಡದೆ ತಿನ್ನುತ್ತಿದ್ದರೆ ಅದನ್ನು ಬರಿಯ ಕುತೂಹಲವೆಂದು ತಿಳಿಯಬಾರದು. ಜಂತುಬಾಧೆಯೋ ಲವಣದ ಕೊರತೆಯೋ ಇರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸತಕ್ಕದ್ದು.

ನಾಗರಹೊಳೆ, ಬಂಡೀಪುರ ಕಾಡುಗಳ ಅಂಚಿನಲ್ಲಿರುವ ಹೆಗ್ಗಡದೇವನಕೋಟೆಯ ಗ್ರಾಮಗಳಲ್ಲಿ ಚಿರತೆ, ಹುಲಿಗಳ ಭಯವಿರುವುದರಿಂದ ಕರುಗಳನ್ನು ಕಾವಲುಗಾರನಿಲ್ಲದೆ ಬಿಡಬಾರದು. ಹೊತ್ತು ಮುಳುಗುವುದಕ್ಕೆ ಮೊದಲೇ ಎಣಿಸಿ, ಬಾಗಿಲು ಭದ್ರವಾಗಿರುವ ಕೊಟ್ಟಿಗೆಗೆ ಸೇರಿಸಬೇಕು.