ಪಿಲ್ಲಗುಂಪೆಯಿಂದ ಕಾಕ್‌ಪಿಟ್‌ಗೆ: ಪೈಲಟ್ ಆಗಲು ಹೊರಟವರಿಗೆ 7 ಸೂತ್ರಗಳು

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಲ್ಲಿ ಕೈಗಾರಿಕಾ ಪ್ರದೇಶವಿದೆ, ಶಿಫ್ಟ್ ಕೆಲಸವಿದೆ. ಅದೇ ಜಿಲ್ಲೆಯ ದೇವನಹಳ್ಳಿಯಲ್ಲಿ 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ವಿಮಾನ ಓಡಿಸುವವರೆಲ್ಲ ಯಾರೋ ದೊಡ್ಡವರ ಮಕ್ಕಳು ಅಂದುಕೊಂಡಿದ್ದರೆ ಆ ಯೋಚನೆಯನ್ನು ಇವತ್ತೇ ಬಿಡಿ. ಸಣ್ಣ ಊರುಗಳನ್ನು ಜೋಡಿಸುವ ಪ್ರಾದೇಶಿಕ ವಿಮಾನಗಳಲ್ಲಿ ನಿಮಗೂ ಜಾಗವಿದೆ. ತಯಾರಿ ಹೀಗೆ ಮಾಡಿ.

1. ಮೊದಲು ಮೆಡಿಕಲ್, ಆಮೇಲೆ ದುಡ್ಡು

ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇರುವ ವೈದ್ಯರ ಹತ್ತಿರ ಕ್ಲಾಸ್ 2 ಮೆಡಿಕಲ್ ಮಾಡಿಸಿ. ನಂತರ ಕ್ಲಾಸ್ 1ಕ್ಕೆ ಹೋಗಿ. ಅದನ್ನು ಮಾಡುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ. ಕನ್ನಡಕ ಇದೆ ಅಂತ ಹೆದರಬೇಡಿ, ನಿಗದಿತ ಮಿತಿಯೊಳಗೆ ದೃಷ್ಟಿ ಸರಿಹೋದರೆ ಸಾಕು. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ತರಬೇತಿಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಬೇಕಾಗುತ್ತದೆ. ಅಪ್ಪ ಜಮೀನು ಮಾರಿ ಫೀಸು ಕಟ್ಟಿದ ಮೇಲೆ ಅನ್‌ಫಿಟ್ ಅಂತ ಗೊತ್ತಾಗಬಾರದು. ಈ ಕ್ರಮವನ್ನು ಯಾರು ಏನೇ ಹೇಳಿದರೂ ತಪ್ಪಿಸಬೇಡಿ.

2. ಫಿಸಿಕ್ಸ್, ಮ್ಯಾಥ್ಸ್ ಪಾಸ್ ಮಾಡಿ

ಪಿಯುಸಿಯಲ್ಲಿ ಕಾಮರ್ಸ್ ಅಥವಾ ಆರ್ಟ್ಸ್ ಓದಿದ್ದೀರಾ? ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಈ ಎರಡು ವಿಷಯ ಬರೆಯಿರಿ. ಕೆಲಸ ಬಿಡಬೇಕಾಗಿಲ್ಲ.

3. ಕೆಲಸದಲ್ಲಿದ್ದಾಗಲೇ ಥಿಯರಿ ಮುಗಿಸಿ

ಏರ್ ನ್ಯಾವಿಗೇಷನ್, ಮೀಟಿಯರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್. ಪಾಸಾಗಲು 70% ಬೇಕು. ಈ ಪೇಪರ್‌ಗಳಿಗೆ ವಿಮಾನ ಬೇಡ, ದಿನಕ್ಕೆ ಎರಡು ಗಂಟೆ ಸಾಕು.

ಓದಿದ್ದನ್ನು ಅವತ್ತೇ ಬಳಸಿ. ವಿಮಾನ ನಿಲ್ದಾಣಗಳು ಮೆಟಾರ್ ಎಂಬ ಹವಾಮಾನ ವರದಿ ಕೊಡುತ್ತವೆ. ನಮ್ಮ ಕೆಂಪೇಗೌಡ ನಿಲ್ದಾಣದ ಕೋಡ್ ವಿಒಬಿಎಲ್. ಡಿಸೆಂಬರ್ ಬೆಳಗ್ಗೆ ಫಸ್ಟ್ ಶಿಫ್ಟ್‌ಗೆ ಹೊರಡುವಾಗ ಮೊಬೈಲ್‌ನಲ್ಲಿ ಅದನ್ನು ತೆಗೆದು ನೋಡಿ. ಸಮಯ 0030 ಜೆಡ್ ಎಂದಿದ್ದರೆ ನಮ್ಮಲ್ಲಿ ಬೆಳಗ್ಗೆ ಆರು ಗಂಟೆ, ಏಕೆಂದರೆ ವಿಮಾನಯಾನ ಯುಟಿಸಿ ಸಮಯದಲ್ಲಿ ನಡೆಯುತ್ತದೆ, ನಾವು ಐದೂವರೆ ಗಂಟೆ ಮುಂದಿದ್ದೇವೆ. ಪಕ್ಕದಲ್ಲಿ 0300 ಎಫ್‌ಜಿ ಎಂದಿದ್ದರೆ ಮಂಜು ಕವಿದಿದೆ, 300 ಮೀಟರ್ ಆಚೆ ಏನೂ ಕಾಣುತ್ತಿಲ್ಲ. ಆಗ ತಲೆಯೆತ್ತಿ ಪಿಲ್ಲಗುಂಪೆಯ ರಸ್ತೆ ಎಷ್ಟು ದೂರ ಕಾಣುತ್ತದೆ ನೋಡಿ. ಒಂದು ಚಳಿಗಾಲ ಹೀಗೆ ಮಾಡಿದರೆ ಮೀಟಿಯರಾಲಜಿ ಪೇಪರ್‌ನ ಅರ್ಧ ಭಯ ಹೋಗಿರುತ್ತದೆ.

4. ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ

ಪೈಲಟ್‌ಗೆ ಬೇಕಾದದ್ದು ಐಸಿಎಒ ಲೆವೆಲ್ 4 ಇಂಗ್ಲಿಷ್. ಸ್ಪಷ್ಟವಾಗಿ ಕೇಳಿಸಿಕೊಳ್ಳಬೇಕು, ಸ್ಪಷ್ಟವಾಗಿ ಹೇಳಬೇಕು. ರೇಡಿಯೋದಲ್ಲಿ ಬಳಸುವ ಮಾತುಗಳು ಬಹುಪಾಲು ನಿಗದಿಯಾದವು. ದಿನಾ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನಾಚಿಕೆ ತಾನಾಗಿ ಬಿಡುತ್ತದೆ.

5. ಶಾಲೆಯ ಬ್ರೋಷರ್ ನೋಡಬೇಡಿ, ಹ್ಯಾಂಗರ್ ನೋಡಿ

ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ದಶಕಗಳಿಂದ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಶಾಲೆಗಳಿಗೆ 2021ರಲ್ಲಿ ಜಾಗ ಕೊಡಲಾಯಿತು. ಎಲ್ಲಿಗೇ ಹೋದರೂ ಮೂರು ಪ್ರಶ್ನೆ ಕೇಳಿ. ಇವತ್ತು ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ? ಇನ್‌ಸ್ಟ್ರಕ್ಟರ್ ಎಷ್ಟು ಮಂದಿ? ಹಿಂದಿನ ಬ್ಯಾಚ್ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು? ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು. ವಿಮಾನ ರಿಪೇರಿಗೆ ನಿಂತರೆ ಗಂಟೆ ಕೂಡುವುದಿಲ್ಲ, ಸಾಲದ ಬಡ್ಡಿ ಮಾತ್ರ ಓಡುತ್ತಿರುತ್ತದೆ. ಉತ್ತರವನ್ನು ಆಫೀಸಿನವರಿಂದಲ್ಲ, ಅಲ್ಲಿ ಕಲಿಯುತ್ತಿರುವ ಹುಡುಗ ಹುಡುಗಿಯರಿಂದ ಪಡೆಯಿರಿ.

ಹುಡುಗಿಯರೇ, ಬೋಯಿಂಗ್ ಕಂಪನಿಯ ಸುಕನ್ಯಾ ಕಾರ್ಯಕ್ರಮಕ್ಕೆ 2024ರ ಜನವರಿಯಲ್ಲಿ ಚಾಲನೆ ಸಿಕ್ಕಿದ್ದು ದೇವನಹಳ್ಳಿಯಲ್ಲೇ. ಅದರಲ್ಲಿ ಪೈಲಟ್ ತರಬೇತಿಗೆ ಸ್ಕಾಲರ್‌ಶಿಪ್ ಇದೆ. ಹುಡುಕಿ, ಅರ್ಜಿ ಹಾಕಿ.

6. ಸಣ್ಣ ವಿಮಾನವನ್ನು ಸಣ್ಣದೆಂದು ನೋಡಬೇಡಿ, ಆದರೆ ಕಂಪನಿಯನ್ನೇ ನಂಬಿ ಕೂರಬೇಡಿ

ಎಲ್ಲರ ಕಣ್ಣೂ ದೊಡ್ಡ ಜೆಟ್ ಮೇಲೆ. ನೀವು ಎಟಿಆರ್ ಕಡೆಗೂ ನೋಡಿ. ಸುಮಾರು 70–78 ಸೀಟಿನ ಈ ಟರ್ಬೊಪ್ರಾಪ್ ಕಡಿಮೆ ದೂರಕ್ಕೆ ಕಡಿಮೆ ಇಂಧನ ಸಾಕೆನ್ನುತ್ತದೆ, ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ. 2023ರ ಆಗಸ್ಟ್ 31ರಂದು ಶಿವಮೊಗ್ಗದಲ್ಲಿ ಶುರುವಾದ ಪ್ರಯಾಣಿಕ ಸೇವೆಯ ಮೊದಲ ವಿಮಾನವೂ ಇಂಡಿಗೋದ ಎಟಿಆರ್. ಹಾದಿ ಚಿಕ್ಕದಾದಷ್ಟೂ ದಿನಕ್ಕೆ ಟೇಕಾಫ್, ಲ್ಯಾಂಡಿಂಗ್ ಹೆಚ್ಚು. ಕೈ ಪಳಗುವುದು ಹಾಗೆ. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್, ಅಂದರೆ ಎಟಿಪಿಎಲ್‌ಗೆ 1,500 ಗಂಟೆ ಬೇಕು, ಕ್ಯಾಪ್ಟನ್ ಸೀಟಿಗೆ ಆ ಲೈಸೆನ್ಸ್ ಬೇಕು. ಆ ಗಂಟೆಗಳು ಇಲ್ಲೂ ಕೂಡುತ್ತವೆ.

ಈಗ ಇನ್ನೊಂದು ಮುಖ. ಬೆಂಗಳೂರು–ಹುಬ್ಬಳ್ಳಿ ಹಾದಿಯ ಚರಿತ್ರೆ ಓದಿ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಹಾರಿತು, ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು, 2012ಕ್ಕೆ ಕಿಂಗ್‌ಫಿಷರ್ ಕೂಡ ನಿಂತಿತು. ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ಇದೇ ಹಾದಿಯಲ್ಲಿ ಶುರುವಾಗಿ 2016ರ ಜುಲೈನಲ್ಲಿ ನಿಂತಿತು. ಸ್ಟಾರ್ ಏರ್ 2019ರ ಜನವರಿಯಲ್ಲಿ ಬಂತು, 50 ಸೀಟಿನ ಎಂಬ್ರೇಯರ್‌ನಿಂದ 76 ಸೀಟಿನ ವಿಮಾನಕ್ಕೆ ಬೆಳೆಯಿತು. ಸಿಎಜಿ ವರದಿಯ ಪ್ರಕಾರ, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಮೂರನೇ ಹಂತದವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಯೋಜನೆಯ ರಿಯಾಯಿತಿ ಸಿಗುವ ಮೂರು ವರ್ಷ ದಾಟಿ 2023ರ ಮಾರ್ಚ್‌ವರೆಗೂ ಉಳಿದದ್ದು 54.

ಇದನ್ನು ಓದಿ ಹಿಂದೆ ಸರಿಯಬೇಡಿ, ಲೆಕ್ಕ ಹಾಕಿ. ಕಂಪನಿ ಹೋದರೂ ನಿಮ್ಮ ಲೈಸೆನ್ಸ್, ನಿಮ್ಮ ಗಂಟೆಗಳು ನಿಮ್ಮವೇ. ಲಾಗ್‌ಬುಕ್ ಅವತ್ತಿನದು ಅವತ್ತೇ ಬರೆಯಿರಿ. ಕಂಪನಿಯ ಬಾಂಡ್ ಪೂರ್ತಿ ಓದದೆ ಸಹಿ ಹಾಕಬೇಡಿ. ಮೊದಲ ಸಂಬಳದಿಂದಲೇ ಆರು ತಿಂಗಳ ಇಎಂಐ ಬ್ಯಾಂಕಿನಲ್ಲಿ ಕೂಡಿಡಲು ಶುರು ಮಾಡಿ, ಕಾರು ಆಮೇಲೆ ಕೊಳ್ಳಿ. ಬೇಡಿಕೆ ಇದ್ದೇ ಇದೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ಹೊಸ ನಿಯಮ ಪೂರ್ತಿ ಜಾರಿಗೆ ಬಂದ ಬೆನ್ನಲ್ಲೇ, 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಭಾರಿ ಸಂಖ್ಯೆಯಲ್ಲಿ ವಿಮಾನಗಳನ್ನು ರದ್ದು ಮಾಡಬೇಕಾಯಿತು. ಅಷ್ಟೇ ವಿಮಾನಗಳಿಗೆ ಈಗ ಹೆಚ್ಚು ಪೈಲಟ್‌ಗಳು ಬೇಕು.

7. ಎರಡನೇ ಬಾಗಿಲನ್ನೂ ತೆರೆದಿಡಿ

ಮೆಡಿಕಲ್ ಆಗಲಿಲ್ಲವೇ, ದುಡ್ಡು ಹೊಂದಲಿಲ್ಲವೇ? ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್ ಲೈಸೆನ್ಸ್ ಕಡೆ ತಿರುಗಿ. ಎಎಂಇ ಸಹಿ ಹಾಕದೆ ಪ್ರಯಾಣಿಕ ವಿಮಾನ ರಿಪೇರಿಯಿಂದ ಹೊರಬರುವುದಿಲ್ಲ. ಮೈಕ್ರೋಮೀಟರ್ ಹಿಡಿದು, ಟಾಲರೆನ್ಸ್ ನೋಡಿ ಕೆಲಸ ಮಾಡಿದ ಪಿಲ್ಲಗುಂಪೆಯ ಕೈಗೆ ಈ ಶಿಸ್ತು ಹೊಸದಲ್ಲ. ಯಾವ ಬಾಗಿಲಿಗೆ ಹೋದರೂ ಮೊದಲ ಕೆಲಸ ಒಂದೇ: ಈ ವಾರದ ರಜೆಯಲ್ಲಿ ನಿಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳಲ್ಲಿ ಹೆಸರು, ಜನ್ಮದಿನಾಂಕ ಆಧಾರ್ ಜೊತೆ ಹೊಂದುತ್ತವೆಯೇ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ, ಡಿಜಿಸಿಎ ಅರ್ಜಿಗೂ ಪಾಸ್‌ಪೋರ್ಟ್‌ಗೂ ಇವೇ ದಾಖಲೆ ಬೇಕು.